ಗೇಟ್‌ವೇ ಪೆಟ್ಟಿಗೆಗೆ ಅಮೆರಿಕ, ಯುರೋಪಿನ ಮಾನ್ಯತೆ: ಒಂದು ಕೆಲಸದ ದಾಖಲೆ

ಪೆಟ್ಟಿಗೆ ಚಿಕ್ಕದು. ಒಳಗೆ ಒಂದು ಪ್ರೊಸೆಸರ್, ಒಂದು ಈಥರ್‌ನೆಟ್ ಪೋರ್ಟ್, ಒಂದು ವೈಫೈ-ಬ್ಲೂಟೂತ್ ಮಾಡ್ಯೂಲ್, ಜೊತೆಗೆ ದೂರದ ಸೆನ್ಸರ್‌ಗಳ ಜೊತೆ ಮಾತಾಡುವ ಲೋರಾ ರೇಡಿಯೋ. ಸೆನ್ಸರ್‌ಗಳು ಕಳಿಸಿದ ಅಂಕಿಗಳು ಇಲ್ಲಿಗೆ ಬರುತ್ತವೆ, ಇಲ್ಲಿಂದ ಇಂಟರ್‌ನೆಟ್‌ಗೆ ಹೋಗುತ್ತವೆ. ಇದನ್ನು ಅಮೆರಿಕ, ಕೆನಡಾ, ಯುರೋಪ್ ಒಕ್ಕೂಟ, ಬ್ರಿಟನ್ ಈ ನಾಲ್ಕು ಕಡೆ ಮಾರಬೇಕು. ರೇಡಿಯೋ ಇರುವ ಸಾಧನ ಆಯಾ ದೇಶದ ನಿಯಮಕ್ಕೆ ಒಪ್ಪುತ್ತದೆ ಎಂದು ತೋರಿಸದೆ ಅಲ್ಲಿ ಮಾರುವ ಹಾಗಿಲ್ಲ. ಹಾಗೆ ತೋರಿಸುವ ಕೆಲಸ ಹೇಗೆ ನಡೆಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಸರ್ಟಿಫಿಕೇಶನ್ ಅಂದ ಕೂಡಲೇ ಎಲ್ಲರ ಗಮನ ರೇಡಿಯೋ ಮೇಲೆ ಹೋಗುತ್ತದೆ. ಈ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ರೇಡಿಯೋ ಅಲ್ಲ. ಒಂದು ಈಥರ್‌ನೆಟ್ ಕೇಬಲ್, ಆಮೇಲೆ ಒಂದು ಪಾಸ್‌ವರ್ಡ್. ಎರಡರ ಬಗ್ಗೆಯೂ ಮುಂದೆ ವಿವರವಾಗಿ ಹೇಳುತ್ತೇನೆ.

ಸರ್ಕ್ಯೂಟ್‌ಗಿಂತ ಮೊದಲು ಪಟ್ಟಿ

ಸ್ಕೀಮ್ಯಾಟಿಕ್ (ಸರ್ಕ್ಯೂಟ್‌ನ ನಕ್ಷೆ) ಬರೆಯುವ ಮೊದಲೇ ಒಂದು ಪಟ್ಟಿ ಮಾಡಿದೆ. ಎಲ್ಲಿ ಮಾರುತ್ತೇವೆ, ಅಲ್ಲಿ ಯಾವ ಬ್ಯಾಂಡ್, ಎಷ್ಟು ಪವರ್, ಬೇರೆ ಏನು ಷರತ್ತು. ವೈಫೈಗೆ ಇದು ಸುಲಭ. 2.4 ಗಿಗಾಹರ್ಟ್ಸ್ ಬ್ಯಾಂಡ್ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಪವರ್ ಮಿತಿ ಮಾತ್ರ ಬೇರೆ. ಯುರೋಪಿನಲ್ಲಿ ಇಎನ್ 300 328 ಅನ್ನುವ ಮಾನದಂಡದ ಪ್ರಕಾರ ಆಂಟೆನಾ ಗೇನ್ (ಆಂಟೆನಾ ಸಿಗ್ನಲನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸುವ ಪ್ರಮಾಣ) ಸೇರಿಸಿ 100 ಮಿಲಿವ್ಯಾಟ್, ಅಂದರೆ 20 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್ ಲೆಕ್ಕ). ಅಮೆರಿಕದಲ್ಲಿ ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯ ಪಾರ್ಟ್ 15, ಸೆಕ್ಷನ್ 15.247 ಪ್ರಕಾರ 1 ವ್ಯಾಟ್‌ವರೆಗೆ ಹೋಗಬಹುದು, ಆಂಟೆನಾ ಗೇನ್ 6 ಡಿಬಿಐ ಒಳಗಿದ್ದರೆ.

ಲೋರಾ ಹಾಗಲ್ಲ. ಅಮೆರಿಕ, ಕೆನಡಾದಲ್ಲಿ 902ರಿಂದ 928 ಮೆಗಾಹರ್ಟ್ಸ್. ಯುರೋಪಿನಲ್ಲಿ 863ರಿಂದ 870. ಭಾರತದಲ್ಲಿ 865ರಿಂದ 868. ಒಂದೇ ಬೋರ್ಡ್ ಎಲ್ಲ ಕಡೆ ಹೋಗಬೇಕಾದರೆ ರೇಡಿಯೋ ಚಿಪ್ ಒಂದೇ ಇಟ್ಟುಕೊಳ್ಳಬಹುದು. ಅದರ ಮುಂದಿನ ಫಿಲ್ಟರ್, ಮ್ಯಾಚಿಂಗ್ ಬೇರೆ ಬೇರೆ ಆಗಲೇಬೇಕು. ಹಾಗಾಗಿ ಮೊದಲ ದಿನವೇ ಎರಡು ಮಾದರಿ ಅಂತ ತೀರ್ಮಾನ ಮಾಡಿದೆ. ಬೋರ್ಡ್ ಒಂದೇ, ಕಾಂಪೊನೆಂಟ್ ಪಟ್ಟಿ ಎರಡು, ಮಾದರಿ ಸಂಖ್ಯೆ ಎರಡು. ಎರಡು ಮಾದರಿ ಅಂದರೆ ಎರಡು ಸಲ ಪರೀಕ್ಷೆ ಅನ್ನುವುದು ನಿಜ. ಆದರೆ ಎರಡೂ ಬ್ಯಾಂಡ್‌ಗೆ ಒಂದೇ ಅಗಲವಾದ ಫಿಲ್ಟರ್ ಇಟ್ಟರೆ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟರಲ್ಲಿ ಹುಟ್ಟುವ ಬೇಡದ ಸಿಗ್ನಲ್) ತಡೆಯುವುದು ಕಷ್ಟ.

ನಿಯಮದ ಸ್ವಭಾವವೂ ಬೇರೆ. ಯುರೋಪಿನ ಇಎನ್ 300 220 ಪವರ್ ಜೊತೆಗೆ ಪ್ರಸಾರ ಮಾಡುವ ಹೊತ್ತನ್ನೂ ಅಳೆಯುತ್ತದೆ. 868.0ರಿಂದ 868.6ರ ತುಂಡಿನಲ್ಲಿ 25 ಮಿಲಿವ್ಯಾಟ್, ಶೇಕಡ 1ರಷ್ಟು ಹೊತ್ತು ಮಾತ್ರ. ಅಂದರೆ ಗಂಟೆಗೆ 36 ಸೆಕೆಂಡ್. ನೂರಾರು ಸೆನ್ಸರ್‌ಗಳಿಗೆ ಉತ್ತರ ಕೊಡಬೇಕಾದ ಗೇಟ್‌ವೇಗೆ ಇದು ಸಾಲುವುದಿಲ್ಲ. ಪಕ್ಕದ 869.4ರಿಂದ 869.65ರಲ್ಲಿ 500 ಮಿಲಿವ್ಯಾಟ್, ಶೇಕಡ 10ರಷ್ಟು ಹೊತ್ತು ಇದೆ. ಲೋರಾವಾನ್ (ಲೋರಾ ಮೇಲೆ ಕಟ್ಟಿದ ನೆಟ್‌ವರ್ಕ್ ವ್ಯವಸ್ಥೆ) ಗೇಟ್‌ವೇಗಳು 869.525ರಲ್ಲಿ ಉತ್ತರಿಸುವುದು ಇದೇ ಕಾರಣಕ್ಕೆ. ಇಲ್ಲಿ ಇನ್ನೊಂದು ಗಮನಿಸಿ. ಈ 25, 500 ಮಿಲಿವ್ಯಾಟ್ ಎರಡೂ ಡೈಪೋಲ್ ಆಂಟೆನಾಗೆ ಹೋಲಿಸಿ ಹೇಳಿದ ಲೆಕ್ಕ. ವೈಫೈನ 100 ಮಿಲಿವ್ಯಾಟ್ ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆಂಟೆನಾಗೆ ಹೋಲಿಸಿದ್ದು. ಎರಡರ ನಡುವೆ 2.15 ಡಿಬಿ ವ್ಯತ್ಯಾಸ. ಆಂಟೆನಾ ಆರಿಸುವಾಗ ಇದು ಲೆಕ್ಕಕ್ಕೆ ಬರುತ್ತದೆ.

ಅಮೆರಿಕದ ನಿಯಮ ಕೇಳುವುದೇ ಬೇರೆ. ಸಿಗ್ನಲ್‌ನ ಅಗಲ ಎಷ್ಟು? 6 ಡಿಬಿ ಅಗಲ ಕನಿಷ್ಠ 500 ಕಿಲೋಹರ್ಟ್ಸ್ ಇದ್ದರೆ ಅದನ್ನು ಡಿಜಿಟಲ್ ಮಾಡ್ಯುಲೇಶನ್ ಅಂತ ಪರಿಗಣಿಸುತ್ತಾರೆ. ಅದಕ್ಕಿಂತ ಕಿರಿದಾದರೆ ಚಾನೆಲ್‌ನಿಂದ ಚಾನೆಲ್‌ಗೆ ಹಾರುತ್ತಿರಬೇಕು. 125 ಕಿಲೋಹರ್ಟ್ಸ್ ಲೋರಾ ಮೊದಲ ಗುಂಪಿಗೆ ಸೇರುವುದಿಲ್ಲ. ಆದರೆ ಅಮೆರಿಕದ ಲೋರಾವಾನ್ ಯೋಜನೆಯಲ್ಲಿ ಗೇಟ್‌ವೇ ಉತ್ತರಿಸುವ ಎಂಟು ಚಾನೆಲ್‌ಗಳು 923.3ರಿಂದ 927.5ರವರೆಗೆ, ಪ್ರತಿಯೊಂದೂ 500 ಕಿಲೋಹರ್ಟ್ಸ್ ಅಗಲ. ಆದ್ದರಿಂದ ಗೇಟ್‌ವೇ ಮಟ್ಟಿಗೆ ದಾರಿ ನೇರವಾಗಿದೆ.

ಇಲ್ಲಿ 1 ವ್ಯಾಟ್ ಅನ್ನುವ ದೊಡ್ಡ ಅಂಕಿ ನೋಡಿ ಹಿಗ್ಗಬಾರದು. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಿತಿ ಇದೆ. ಯಾವುದೇ 3 ಕಿಲೋಹರ್ಟ್ಸ್ ತುಂಡಿನಲ್ಲಿ 8 ಡಿಬಿಎಂ ದಾಟಬಾರದು. 500 ಕಿಲೋಹರ್ಟ್ಸ್‌ನಲ್ಲಿ ಇಂಥ ಸುಮಾರು 167 ತುಂಡುಗಳಿವೆ, ಅಂದರೆ 22.2 ಡಿಬಿ. 30 ಡಿಬಿಎಂ ಪವರನ್ನು ಸಮನಾಗಿ ಹಂಚಿದರೂ ಒಂದೊಂದು ತುಂಡಿಗೆ 7.8 ಡಿಬಿಎಂ ಬರುತ್ತದೆ. ನಿಜವಾದ ಸಿಗ್ನಲ್ ಯಾವತ್ತೂ ಸಮತಟ್ಟಾಗಿರುವುದಿಲ್ಲ, ಏರಿಳಿತ ಇದ್ದೇ ಇರುತ್ತದೆ. ಹಾಗಾಗಿ 27 ಡಿಬಿಎಂಗೆ ನಿಲ್ಲಿಸಿದೆ. ಈ ಲೆಕ್ಕ ಕಾಗದದ ಮೇಲೆ ಮೊದಲೇ ಆಗಿದ್ದರಿಂದ ಆಂಪ್ಲಿಫೈಯರ್ ಆಯ್ಕೆಯೂ ಸರಳವಾಯಿತು.

ಮಾಡ್ಯೂಲ್‌ನ ಸರ್ಟಿಫಿಕೇಟ್ ಎಲ್ಲಿಯವರೆಗೆ ಬರುತ್ತದೆ

ವೈಫೈಗೆ ಮೊದಲೇ ಮಾನ್ಯತೆ ಪಡೆದ ಮಾಡ್ಯೂಲ್ ತೆಗೆದುಕೊಂಡೆ. ವೈಫೈ ರೇಡಿಯೋವನ್ನು ಸ್ವಂತವಾಗಿ ಬೋರ್ಡ್ ಮೇಲೆ ಕಟ್ಟುವುದರಲ್ಲಿ ಕಡಿಮೆ ಸಂಖ್ಯೆಯ ಉತ್ಪನ್ನಕ್ಕೆ ಯಾವ ಲಾಭವೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಮಾಡ್ಯೂಲ್‌ಗೆ ಸರ್ಟಿಫಿಕೇಟ್ ಇದೆ ಅಂದ ಮಾತ್ರಕ್ಕೆ ನಮ್ಮ ಪೆಟ್ಟಿಗೆಗೆ ಇದೆ ಅಂತ ಆಗುವುದಿಲ್ಲ. ಎಫ್‌ಸಿಸಿಯಲ್ಲಿ ಸೆಕ್ಷನ್ 15.212 ಮಾಡ್ಯೂಲ್‌ಗಳಿಗೆ ಕೆಲವು ಷರತ್ತು ಹಾಕುತ್ತದೆ. ಸ್ವಂತ ಶೀಲ್ಡ್ ಇರಬೇಕು, ಪವರ್ ಸಪ್ಲೈ ನಿಯಂತ್ರಣ ಮಾಡ್ಯೂಲ್ ಒಳಗೇ ಇರಬೇಕು, ಡೇಟಾ ಒಳಬರುವ ಕಡೆ ಬಫರ್ ಇರಬೇಕು, ಒಂಟಿಯಾಗಿ ಪರೀಕ್ಷೆ ಆಗಿರಬೇಕು. ಇವೆಲ್ಲ ಇದ್ದರೆ ಪೂರ್ತಿ ಮಾನ್ಯತೆ, ಒಂದೆರಡು ಇಲ್ಲದಿದ್ದರೆ ಷರತ್ತಿನ ಮಾನ್ಯತೆ. ಆದ್ದರಿಂದ ಮಾಡ್ಯೂಲ್‌ನ ಗ್ರಾಂಟ್ (ಮಾನ್ಯತೆ ಪತ್ರ) ಹಾಳೆಯ ಕೆಳಗಿನ ಟಿಪ್ಪಣಿಯನ್ನು ಅಕ್ಷರ ಬಿಡದೆ ಓದಬೇಕು. ಮನುಷ್ಯನ ದೇಹದಿಂದ 20 ಸೆಂಟಿಮೀಟರ್ ದೂರ ಇರಬೇಕು, ಇಂಥ ಆಂಟೆನಾ ಮಾತ್ರ ಬಳಸಬೇಕು, ಬೇರೆ ಟ್ರಾನ್ಸ್‌ಮಿಟರ್ ಜೊತೆಗೆ ಇಡಬಾರದು, ಇಂಥವೆಲ್ಲ ಅಲ್ಲೇ ಇರುತ್ತವೆ.

ಕೊನೆಯ ಷರತ್ತು ನಮಗೆ ಮುಖ್ಯ. ನಮ್ಮ ಪೆಟ್ಟಿಗೆಯಲ್ಲಿ ಲೋರಾ ಮತ್ತು ವೈಫೈ ಒಟ್ಟಿಗೆ ಪ್ರಸಾರ ಮಾಡುತ್ತವೆ. ಎರಡರಿಂದ ದೇಹಕ್ಕೆ ತಾಗುವ ತರಂಗದ ಪ್ರಮಾಣವನ್ನು ಕೂಡಿಸಿ ಲೆಕ್ಕ ತೋರಿಸಬೇಕು. ಎರಡೂ ಒಮ್ಮೆಗೇ ಚಾಲೂ ಇದ್ದಾಗ ಹೊಸ ಫ್ರೀಕ್ವೆನ್ಸಿ ಹುಟ್ಟುತ್ತದೆಯೇ ಅಂತಲೂ ನೋಡಬೇಕು. ಆಂಟೆನಾ ವಿಷಯದಲ್ಲಿ, ಮಾನ್ಯತೆ ಸಿಕ್ಕ ಆಂಟೆನಾದ ಬಗೆಯದ್ದೇ, ಅದಕ್ಕಿಂತ ಹೆಚ್ಚು ಗೇನ್ ಇಲ್ಲದ್ದಾದರೆ ತೊಂದರೆ ಇಲ್ಲ. ಬಗೆ ಬದಲಾದರೆ ಮತ್ತೆ ಕಾಗದ, ಮತ್ತೆ ಅಳತೆ. ಅದಕ್ಕೆ ಮಾಡ್ಯೂಲ್ ಮೇಲೇ ಅಚ್ಚಾದ ಆಂಟೆನಾ ಇರುವುದನ್ನೇ ಆರಿಸಿಕೊಂಡೆ. ಅದರ ಕೆಳಗೆ, ಅಕ್ಕಪಕ್ಕ ತಾಮ್ರ ಬರದ ಹಾಗೆ ಬೋರ್ಡ್ ಅಂಚಿಗೆ ಕೂರಿಸಿದೆ.

ಯುರೋಪಿನಲ್ಲಿ ಮಾಡ್ಯೂಲ್ ಮಾನ್ಯತೆ ಅನ್ನುವ ವ್ಯವಸ್ಥೆಯೇ ಇಲ್ಲ. ರೇಡಿಯೋ ಸಾಧನಗಳ ನಿರ್ದೇಶನ 2014/53/ಇಯು, ಎಲ್ಲರೂ ಆರ್‌ಇಡಿ ಅನ್ನುವುದು, 2016ರ ಜೂನ್ 13ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೊಣೆ ಇರುವುದು ಕೊನೆಯ ಉತ್ಪನ್ನದ ತಯಾರಕನ ಮೇಲೆ. ಮಾಡ್ಯೂಲ್ ಕಂಪನಿಯ ವರದಿಗಳು ನಮ್ಮ ಕಡತಕ್ಕೆ ಪುರಾವೆಯಾಗಿ ಸೇರುತ್ತವೆ, ಅಷ್ಟೇ.

ಹಾರ್ಮೋನಿಕ್‌ಗೆ ಬೇಲಿ

ಲೋರಾ ಭಾಗ ಪೂರ್ತಿ ನಮ್ಮದೇ, ಆದ್ದರಿಂದ ಪೂರ್ತಿ ಪರೀಕ್ಷೆಯೂ ನಮ್ಮದೇ. ಅಮೆರಿಕದ ಮಾದರಿಯಲ್ಲಿ 925 ಮೆಗಾಹರ್ಟ್ಸ್ ಸುತ್ತ ಪ್ರಸಾರ. ಅದರ ಎರಡನೇ ಹಾರ್ಮೋನಿಕ್ 1850, ಮೂರನೆಯದು 2775. ಎರಡನೆಯದಕ್ಕೆ ನಿಯಮ ಸಡಿಲ, ಮುಖ್ಯ ಸಿಗ್ನಲ್‌ಗಿಂತ 20 ಡಿಬಿ ಕೆಳಗಿದ್ದರೆ ಸಾಕು. ಮೂರನೆಯದು ಮಾತ್ರ 2690ರಿಂದ 2900ರ ನಡುವಿನ ನಿರ್ಬಂಧಿತ ಬ್ಯಾಂಡ್‌ಗೆ ಬೀಳುತ್ತದೆ. ಅಲ್ಲಿ 3 ಮೀಟರ್ ದೂರದಲ್ಲಿ ಮೀಟರಿಗೆ 500 ಮೈಕ್ರೋವೋಲ್ಟ್, ಅಂದರೆ 54 ಡಿಬಿ ಲೆಕ್ಕದ ಮಿತಿ. ಇದನ್ನು ಪವರ್‌ಗೆ ತಿರುಗಿಸಿದರೆ ಸುಮಾರು ಮೈನಸ್ 41 ಡಿಬಿಎಂ. 27 ಡಿಬಿಎಂ ಕೊಡುವ ಆಂಪ್ಲಿಫೈಯರ್‌ನ ಮೂರನೇ ಹಾರ್ಮೋನಿಕ್ 68 ಡಿಬಿ ಕೆಳಗಿರಬೇಕು. ಹಾರ್ಮೋನಿಕ್‌ನ ಕ್ರಮಸಂಖ್ಯೆ ಹೆಚ್ಚಾದ ಹಾಗೆ ಮಿತಿ ಸಡಿಲವಾಗುತ್ತದೆ ಅಂತ ಊಹಿಸಿದರೆ ಇಲ್ಲಿ ಪೆಟ್ಟು ಬೀಳುತ್ತದೆ.

ಅದಕ್ಕೆ ಆಂಪ್ಲಿಫೈಯರ್ ನಂತರ ಲೋ-ಪಾಸ್ ಫಿಲ್ಟರ್ ಇಟ್ಟು, ಅದರ ಮೇಲೆ ಲೋಹದ ಶೀಲ್ಡ್ ಕ್ಯಾನ್ ಹಾಕಿದೆ. ಫಿಲ್ಟರ್‌ನ ಕೆಪಾಸಿಟರ್‌ಗಳು ಬೋರ್ಡ್‌ನ ನೆಲಕ್ಕೆ (ಗ್ರೌಂಡ್‌ಗೆ) ಸೇರುವ ಜಾಗದಲ್ಲಿ ಒಂದೊಂದಕ್ಕೂ ಎರಡೆರಡು ವಯಾ, ಅಂದರೆ ಬೋರ್ಡ್‌ನ ಪದರಗಳನ್ನು ಜೋಡಿಸುವ ತೂತು. ಶೀಲ್ಡ್ ಇಲ್ಲದೆ ಅಳೆದಾಗ ಕೇಬಲ್ ಮೂಲಕ ಬರುವ ಹಾರ್ಮೋನಿಕ್ ಕಡಿಮೆ ಇದ್ದರೂ ಗಾಳಿಯಲ್ಲಿ ಜಾಸ್ತಿ ಇತ್ತು. ಫಿಲ್ಟರ್ ಮೂಲಕ ಹೋಗದೆ ಆಂಪ್ಲಿಫೈಯರ್‌ನಿಂದಲೇ ಹೊರಗೆ ಹಾರುತ್ತಿತ್ತು. ಕ್ಯಾನ್ ಮುಚ್ಚಿದ ಮೇಲೆ ಎರಡೂ ಅಳತೆ ಹತ್ತಿರ ಬಂದವು.

ಹೊರಗಿನ ಆಂಟೆನಾ ಇರುವುದರಿಂದ ಸೆಕ್ಷನ್ 15.203 ಕೂಡ ಲೆಕ್ಕಕ್ಕೆ ಬಂತು. ಬಳಕೆದಾರ ಯಾವುದೋ ದೊಡ್ಡ ಆಂಟೆನಾ ತಂದು ಸಿಕ್ಕಿಸುವ ಹಾಗಿರಬಾರದು. ಒಂದೋ ಆಂಟೆನಾ ಕಾಯಂ ಆಗಿರಬೇಕು, ಇಲ್ಲವೇ ಕನೆಕ್ಟರ್ ಸಾಮಾನ್ಯವಾದದ್ದಾಗಿರಬಾರದು. ವೈಫೈ ರೂಟರ್‌ಗಳಲ್ಲಿ ನೋಡುವ ರಿವರ್ಸ್ ಪೋಲಾರಿಟಿ ಎಸ್‌ಎಂಎ ಕನೆಕ್ಟರ್ ಬಂದದ್ದೇ ಈ ಕಾರಣಕ್ಕೆ. ನಾನೂ ಅದನ್ನೇ ಹಾಕಿದೆ.

ಕೇಬಲ್ ಆಂಟೆನಾ ಆದಾಗ

ಈಗ ಈಥರ್‌ನೆಟ್ ಕೇಬಲ್ ವಿಷಯಕ್ಕೆ ಬರೋಣ. ರೇಡಿಯೋ ಪ್ರಸಾರ ಮಾಡದೆ ಸುಮ್ನೆ ಕೂತಿದ್ದರೂ ಡಿಜಿಟಲ್ ಸರ್ಕ್ಯೂಟ್ ಗದ್ದಲ ಮಾಡುತ್ತಲೇ ಇರುತ್ತದೆ. ಅದಕ್ಕೂ ಮಿತಿ ಇದೆ. ಎಫ್‌ಸಿಸಿ ಕ್ಲಾಸ್ ಬಿ (ಮನೆಬಳಕೆಯ ಸಾಧನಗಳ ದರ್ಜೆ) ಪ್ರಕಾರ 3 ಮೀಟರ್ ದೂರದಲ್ಲಿ 30ರಿಂದ 88 ಮೆಗಾಹರ್ಟ್ಸ್‌ವರೆಗೆ ಮೀಟರಿಗೆ 100 ಮೈಕ್ರೋವೋಲ್ಟ್, 88ರಿಂದ 216ರವರೆಗೆ 150, 216ರಿಂದ 960ರವರೆಗೆ 200. ಯುರೋಪಿನಲ್ಲಿ ಇಎನ್ 301 489 ಮೂಲಕ ಇಎನ್ 55032 ಬರುತ್ತದೆ, ಅಂಕಿಗಳು ಹತ್ತಿರ ಹತ್ತಿರ ಇವೆ.

ಈ ಮಿತಿ ಎಷ್ಟು ಸಣ್ಣದು ಅಂತ ಒಂದು ಲೆಕ್ಕದಿಂದ ಗೊತ್ತಾಗುತ್ತದೆ. 1 ಮೀಟರ್ ಉದ್ದದ ಕೇಬಲ್. ಅದರ ಎಲ್ಲ ತಂತಿಗಳಲ್ಲೂ ಒಂದೇ ದಿಕ್ಕಿಗೆ 50 ಮೆಗಾಹರ್ಟ್ಸ್‌ನ ಕರೆಂಟ್ ಹರಿಯುತ್ತಿದೆ ಅಂದುಕೊಳ್ಳಿ. ಅದು 5 ಮೈಕ್ರೋಆಂಪಿಯರ್ ಇದ್ದರೆ ಸಾಕು, 3 ಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 100 ಮೈಕ್ರೋವೋಲ್ಟ್ ಆಗುತ್ತದೆ. ಅಲ್ಲಿಗೆ ಮಿತಿ ಮುಗಿಯಿತು. ಒಂದು ಎಲ್‌ಇಡಿಗೆ ಬೇಕಾದ ಕರೆಂಟ್‌ನ ಸಾವಿರದ ಒಂದು ಪಾಲಿಗಿಂತ ಎಷ್ಟೋ ಕಡಿಮೆ ಇದು. ಪರೀಕ್ಷೆಯಲ್ಲಿ ಬಿದ್ದುಹೋಗುವ ಪೆಟ್ಟಿಗೆಗಳಲ್ಲಿ ಬಹುಪಾಲು ಬೋರ್ಡ್‌ನಿಂದ ಬೀಳುವುದಿಲ್ಲ, ಅದಕ್ಕೆ ಸಿಕ್ಕಿಸಿದ ಕೇಬಲ್‌ನಿಂದ ಬೀಳುತ್ತವೆ.

ಲ್ಯಾಬ್‌ಗೆ ಹೋಗುವ ಮೊದಲು ಮೇಜಿನ ಮೇಲೇ ಅಳೆದೆ. ಬೇಕಾದದ್ದು ಒಂದು ಸ್ಪೆಕ್ಟ್ರಮ್ ಅನಲೈಜರ್, ಗಟ್ಟಿ ಕೋಆಕ್ಸ್ ತುಂಡಿನಿಂದ ಮಾಡಿದ ಸಣ್ಣ ಸುರುಳಿ ಪ್ರೋಬ್, ಮತ್ತೆ ಒಂದು ಕರೆಂಟ್ ಕ್ಲ್ಯಾಂಪ್. ಕ್ಲ್ಯಾಂಪ್ ಅಂದರೆ ಬಿಚ್ಚಿ ಮುಚ್ಚುವ ಫೆರೈಟ್ ಕೋರ್ ಮೇಲೆ ಕೆಲವು ಸುತ್ತು ತಂತಿ, ಅದಕ್ಕೊಂದು ಕನೆಕ್ಟರ್. ಕೈಯಲ್ಲಿ ಮಾಡಿದ ಕ್ಲ್ಯಾಂಪ್ ನಿಖರವಾದ ಅಂಕಿ ಕೊಡುವುದಿಲ್ಲ. ಆದರೆ ಬದಲಾವಣೆ ಮಾಡುವ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅನ್ನುವುದನ್ನು ನಂಬಿಕೆಯಿಂದ ತೋರಿಸುತ್ತದೆ. ಈ ಹಂತದಲ್ಲಿ ಬೇಕಾದದ್ದು ಅದೇ ಅಲ್ವಾ.

ಮೊದಲು ಪೆಟ್ಟಿಗೆಯನ್ನು ಆಫ್ ಮಾಡಿ ಒಂದು ಸಲ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬೇಕು. 88ರಿಂದ 108ರಲ್ಲಿ ಎಫ್‌ಎಂ ರೇಡಿಯೋ, ಮೇಲೆ ಮೊಬೈಲ್ ಟವರ್‌ಗಳು, ಎಲ್ಲ ಅದರಲ್ಲಿ ಕಾಣುತ್ತವೆ. ಆಮೇಲೆ ಆನ್ ಮಾಡಿ ಅದರ ಮೇಲೆ ಇದನ್ನಿಟ್ಟು ನೋಡಿದರೆ ನಮ್ಮದು ಯಾವುದು, ಗಾಳಿಯದ್ದು ಯಾವುದು ಅಂತ ಬೇರೆಯಾಗುತ್ತದೆ.

ಈಥರ್‌ನೆಟ್ ಕೇಬಲ್‌ಗೆ ಕ್ಲ್ಯಾಂಪ್ ಹಾಕಿದಾಗ 150, 250, 350 ಮೆಗಾಹರ್ಟ್ಸ್‌ನಲ್ಲಿ ಚೂಪಾದ ಶಿಖರಗಳು ಕಂಡವು. 250ರದ್ದು ಎಲ್ಲಕ್ಕಿಂತ ಎತ್ತರ. ಇಲ್ಲಿ ಅನುಮಾನ ಎರಡು. ಪ್ರೊಸೆಸರ್ ಮತ್ತು ಈಥರ್‌ನೆಟ್ ಚಿಪ್ ನಡುವಿನ ಆರ್‌ಎಂಐಐ ಸಂಪರ್ಕದ ಗಡಿಯಾರ (ಕ್ಲಾಕ್ ಸಿಗ್ನಲ್) 50 ಮೆಗಾಹರ್ಟ್ಸ್, ಅದರ ಐದನೇ ಹಾರ್ಮೋನಿಕ್ 250. 100 ಮೆಗಾಬಿಟ್ ಈಥರ್‌ನೆಟ್ ತಂತಿಯ ಮೇಲೆ ನಡೆಯುವುದು 125 ಮೆಗಾಹರ್ಟ್ಸ್ ವೇಗದಲ್ಲಿ, ಅದರ ಎರಡರಷ್ಟೂ 250. ಯಾವುದು ಕಾರಣ?

ಬೇರೆ ಮಾಡುವ ಉಪಾಯ ಇದೆ. ಲಿಂಕನ್ನು ಬಲವಂತವಾಗಿ 10 ಮೆಗಾಬಿಟ್‌ಗೆ ಇಳಿಸಿದೆ. ಆಗ 125ರ ಚಟುವಟಿಕೆ ನಿಲ್ಲುತ್ತದೆ. ಆರ್‌ಎಂಐಐ ಗಡಿಯಾರ ಮಾತ್ರ 50ರಲ್ಲೇ ಓಡುತ್ತಿರುತ್ತದೆ. 250ರ ಶಿಖರ ಕದಲಲಿಲ್ಲ. ಆಮೇಲೆ ಕೇಬಲ್‌ನ ಆ ಕಡೆಯ ತುದಿಯನ್ನು ಸ್ವಿಚ್‌ನಿಂದ ಕಿತ್ತು, ಈ ಕಡೆ ಪೆಟ್ಟಿಗೆಗೆ ಸಿಕ್ಕಿಸಿಯೇ ಬಿಟ್ಟೆ. ಆಗಲೂ ಶಿಖರ ಇದ್ದೇ ಇತ್ತು. ಅಂದರೆ ಡೇಟಾಗೂ ಇದಕ್ಕೂ ಸಂಬಂಧವಿಲ್ಲ. ಗಡಿಯಾರದ ಗದ್ದಲ ಬೋರ್ಡ್‌ನಿಂದ ಕನೆಕ್ಟರ್‌ಗೆ ಸೇರುತ್ತಿದೆ, ಕೇಬಲ್ ಬರೀ ಆಂಟೆನಾ.

ಸುರುಳಿ ಪ್ರೋಬನ್ನು ಗಡಿಯಾರದ ತಾಮ್ರದ ಗೆರೆಯ ಉದ್ದಕ್ಕೂ ಎಳೆದಾಗ ಒಂದು ಕಡೆ ಗದ್ದಲ ಜಾಸ್ತಿಯಾಯಿತು. ಗೆರೆ ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಇಳಿಯುವ ಜಾಗ ಅದು. ಸಿಗ್ನಲ್‌ಗೆ ಇಳಿಯಲು ವಯಾ ಇದೆ, ಅದರ ವಾಪಸ್ ಕರೆಂಟ್‌ಗೆ ಹತ್ತಿರದಲ್ಲಿ ನೆಲದ ವಯಾ ಇಲ್ಲ. ವಾಪಸ್ ಬರುವ ಕರೆಂಟ್ ದೂರದ ದಾರಿ ಹುಡುಕಿಕೊಂಡು ಹೋಗುತ್ತದೆ, ಆ ಸುತ್ತುದಾರಿಯೇ ನೆಲವನ್ನು ಅಲುಗಾಡಿಸುತ್ತದೆ. ಎರಡನೆಯ ಜಾಗ ಕನೆಕ್ಟರ್‌ನ ಲೋಹದ ಕವಚ. ಅದು ಬೋರ್ಡ್‌ನ ನೆಲಕ್ಕೆ ಒಂದೇ ಕೆಪಾಸಿಟರ್ ಮೂಲಕ, ಒಂದು ಸೆಂಟಿಮೀಟರ್ ಉದ್ದದ ತೆಳುಗೆರೆಯಲ್ಲಿ ಸೇರುತ್ತಿತ್ತು. ಅಷ್ಟು ಉದ್ದದ ಗೆರೆಗೆ ಸುಮಾರು 10 ನ್ಯಾನೋಹೆನ್ರಿ ಇಂಡಕ್ಟೆನ್ಸ್. 250 ಮೆಗಾಹರ್ಟ್ಸ್‌ನಲ್ಲಿ ಅದು 16 ಓಮ್ ಹತ್ತಿರ ಬರುತ್ತದೆ. ಕಾಗದದ ಮೇಲೆ ಸೇರಿದ್ದರೂ ಆ ಫ್ರೀಕ್ವೆನ್ಸಿಯಲ್ಲಿ ಕವಚ ಸರಿಯಾಗಿ ನೆಲಕ್ಕೆ ಸೇರಿಲ್ಲ ಅಂತಲೇ ಅರ್ಥ.

ಮದ್ದು ಒಂದೊಂದಾಗಿ ಹಾಕಿದೆ, ಪ್ರತಿ ಸಲ ಅಳೆದೆ. ಗಡಿಯಾರ ಹೊರಡುವ ಪಿನ್ ಪಕ್ಕದಲ್ಲೇ 33 ಓಮ್ ರೆಸಿಸ್ಟರ್. ಚಿಪ್‌ನ ರಿಜಿಸ್ಟರ್‌ನಲ್ಲಿ ಆ ಪಿನ್‌ನ ಡ್ರೈವ್ ಬಲ ಒಂದು ಹಂತ ಕಡಿಮೆ. ಎರಡೂ ಸೇರಿ ಏರುವ ಅಂಚನ್ನು ನಿಧಾನ ಮಾಡುತ್ತವೆ, ಮೇಲಿನ ಹಾರ್ಮೋನಿಕ್‌ಗಳು ಕುಗ್ಗುತ್ತವೆ. ಕವಚದ ಸುತ್ತ ನಾಲ್ಕು ಕಡೆ ನೇರವಾಗಿ ನೆಲಕ್ಕೆ ಇಳಿಯುವ ಕೆಪಾಸಿಟರ್‌ಗಳು. ಗಡಿಯಾರದ ಗೆರೆಯನ್ನು ಮುಂದಿನ ಬೋರ್ಡ್‌ನಲ್ಲಿ ಒಂದೇ ಪದರದಲ್ಲಿ ಎಳೆದೆ. ಇವುಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಕವಚದ ಬದಲಾವಣೆ. ರೆಸಿಸ್ಟರ್‌ನಿಂದ 150ರಲ್ಲಿ ಅಷ್ಟೇನೂ ಬದಲಾಗಲಿಲ್ಲ, 350ರಲ್ಲಿ ಚೆನ್ನಾಗಿ ಇಳಿಯಿತು.

ಗಡಿಯಾರವನ್ನು ಸ್ವಲ್ಪ ಅಲುಗಾಡಿಸಿ ಶಿಖರವನ್ನು ಹರಡುವ ಸ್ಪ್ರೆಡ್ ಸ್ಪೆಕ್ಟ್ರಮ್ ತಂತ್ರ ಇಲ್ಲಿ ನಡೆಯುವುದಿಲ್ಲ. ಆರ್‌ಎಂಐಐ ಗಡಿಯಾರ ಹತ್ತು ಲಕ್ಷಕ್ಕೆ 50ರಷ್ಟು ಮಾತ್ರ ಆಚೀಚೆ ಆಗಬಹುದು. ಕೇಬಲ್‌ಗೆ ಗದ್ದಲ ತಡೆಯುವ ಫೆರೈಟ್ ಗುಂಡು ಹಾಕುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನನಗೆ ಅದು ಇಷ್ಟವಿಲ್ಲ. ಪರೀಕ್ಷೆಯಲ್ಲಿ ಫೆರೈಟ್ ಹಾಕಿ ಪಾಸಾದರೆ ಮಾರುವ ಪ್ರತಿ ಪೆಟ್ಟಿಗೆಯ ಜೊತೆಗೂ ಅದೇ ಕೇಬಲ್ ಕೊಡಬೇಕು, ಕೈಪಿಡಿಯಲ್ಲೂ ಬರೆಯಬೇಕು. ಬಳಕೆದಾರ ತನ್ನದೇ ಕೇಬಲ್ ಹಾಕಿಕೊಂಡ ದಿನ ಪಕ್ಕದವರ ರೇಡಿಯೋಗೆ ತೊಂದರೆ ಶುರುವಾಗುತ್ತದೆ. ಮಿತಿಗಳು ಇರುವುದೇ ಆ ಪಕ್ಕದವರಿಗಾಗಿ. ಫೆರೈಟನ್ನು ಕಾರಣ ಹುಡುಕಲು ಬಳಸಿದೆ, ಪರಿಹಾರವಾಗಿ ಇಡಲಿಲ್ಲ.

ಚೇಂಬರ್‌ಗೆ ಕಟ್ಟಿಕೊಂಡು ಹೋದದ್ದು

ಲ್ಯಾಬ್‌ಗೆ ಬರೀ ಪೆಟ್ಟಿಗೆ ಒಯ್ದರೆ ಸಾಲದು. ಒಂದು ಮಾದರಿಯಲ್ಲಿ ಆಂಟೆನಾ ಬದಲು ಅಳತೆಯ ಕೇಬಲ್ ಬೆಸುಗೆ ಹಾಕಿರಬೇಕು. ಇನ್ನೊಂದು ಮಾರುವ ಹಾಗೆಯೇ ಇರಬೇಕು. ಎರಡಕ್ಕೂ ಬದಲಿ ಇದ್ದರೆ ಒಳ್ಳೆಯದು. ಫರ್ಮ್‌ವೇರ್‌ನಲ್ಲಿ ಪರೀಕ್ಷೆಯ ಮೋಡ್ ಬೇಕು. ಕೆಳಗಿನ, ನಡುವಿನ, ಮೇಲಿನ ಚಾನೆಲ್‌ನಲ್ಲಿ ನಿಲ್ಲಿಸದೆ ಪ್ರಸಾರ ಮಾಡುವ, ಮಾಡ್ಯುಲೇಶನ್ ಇಲ್ಲದ ಬರೀ ವಾಹಕ ಕೊಡುವ, ಬರೀ ಕೇಳುವ ಆಜ್ಞೆಗಳು. ಇವು ಒಂದು ಸೀರಿಯಲ್ ಪೋರ್ಟ್‌ನಿಂದ, ಲ್ಯಾಬ್‌ನ ಎಂಜಿನಿಯರ್ ಯಾರನ್ನೂ ಕೇಳದೆ ನಡೆಸುವಷ್ಟು ಸರಳವಾಗಿರಲಿ. ಆಜ್ಞೆಗಳನ್ನು ಒಂದು ಪುಟದಲ್ಲಿ ಅಚ್ಚು ಹಾಕಿಸಿ ಪೆಟ್ಟಿಗೆ ಜೊತೆಗೇ ಇಟ್ಟೆ. ಜೊತೆಗೆ ಮಾಮೂಲಿ ಫರ್ಮ್‌ವೇರ್ ಕೂಡ ಬೇಕು. ಹೊರಗಿನ ಗದ್ದಲ ಹೊಡೆದಾಗ ಲಿಂಕ್ ನಿಲ್ಲುತ್ತದೆಯೇ ಅಂತ ನೋಡುವ ಪರೀಕ್ಷೆಗಳು ಅದರ ಮೇಲೇ ನಡೆಯುವುದು.

ಚೇಂಬರ್ ಅಂದರೆ ಹೊರಗಿನ ರೇಡಿಯೋ ತರಂಗ ಒಳಬರದ ಅಳತೆಯ ಕೋಣೆ. ಅದರೊಳಗೆ, 1 ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಳತೆಗೆ, ಪೆಟ್ಟಿಗೆ 80 ಸೆಂಟಿಮೀಟರ್ ಎತ್ತರದ, ಲೋಹವಲ್ಲದ ಮೇಜಿನ ಮೇಲೆ ಕೂರುತ್ತದೆ. ಕೆಳಗಿನ ತಟ್ಟೆ ಪೂರ್ತಿ ಸುತ್ತು ತಿರುಗುತ್ತದೆ. ಎದುರಿನ ಆಂಟೆನಾ 1ರಿಂದ 4 ಮೀಟರ್‌ವರೆಗೆ ಏರಿಳಿಯುತ್ತದೆ, ಅಡ್ಡವಾಗಿ ಒಮ್ಮೆ, ಉದ್ದವಾಗಿ ಒಮ್ಮೆ. ಈ ಎಲ್ಲದರಲ್ಲಿ ಅತಿ ಕೆಟ್ಟ ಅಂಕಿಯೇ ನಮ್ಮ ಅಂಕಿ. ಅದಕ್ಕೇ ಮೇಜಿನ ಮೇಲೆ ಅಳೆಯುವಾಗ ಕನಿಷ್ಠ 6 ಡಿಬಿ ಅಂತರ ಇಟ್ಟುಕೊಂಡಿದ್ದೆ. ಈಥರ್‌ನೆಟ್‌ನ 250 ಮಿತಿಯೊಳಗೇ ಉಳಿಯಿತು. ಲೋರಾದ ಹಾರ್ಮೋನಿಕ್‌ಗಳನ್ನು ಹತ್ತನೆಯದರವರೆಗೆ, ಅಂದರೆ 9 ಗಿಗಾಹರ್ಟ್ಸ್ ಮೀರಿ ನೋಡಿದರು. ಮೂರನೆಯದು ಲೆಕ್ಕ ಹಾಕಿದ ಹತ್ತಿರವೇ ಇತ್ತು.

ಯುರೋಪಿನ ಪಟ್ಟಿಯಲ್ಲಿ ಹೊಡೆತ ತಾಳುವ ಪರೀಕ್ಷೆಗಳೂ ಇವೆ. ಸ್ಥಿರ ವಿದ್ಯುತ್ತಿನ ಕಿಡಿ, ಮುಟ್ಟಿಸಿ 4 ಕಿಲೋವೋಲ್ಟ್, ಗಾಳಿಯಲ್ಲಿ 8 ಕಿಲೋವೋಲ್ಟ್. ಗಾಳಿಯ ಕಿಡಿಯನ್ನು ರೀಸೆಟ್ ಬಟನ್‌ನ ಸಂದಿಗೆ ಕೊಟ್ಟಾಗ ಪೆಟ್ಟಿಗೆ ಒಮ್ಮೆ ರೀಸ್ಟಾರ್ಟ್ ಆಯಿತು, ತಾನಾಗಿಯೇ ಎದ್ದು ಮತ್ತೆ ಕೆಲಸ ಶುರುಮಾಡಿತು. ಯಾರೂ ಕೈ ಹಾಕದೆ ಸರಿಹೋದರೆ ಇಂಥ ಕ್ಷಣಿಕ ಹೊಡೆತಕ್ಕೆ ನಿಯಮ ಒಪ್ಪುತ್ತದೆ. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಚಳಿಗಾಲದ ಒಣ ಹವೆಯಲ್ಲಿ ಯಾರೋ ಬಟನ್ ಹತ್ತಿರ ಬೆರಳು ತಂದಾಗೆಲ್ಲ ಸೆನ್ಸರ್‌ಗಳ ಅಂಕಿ ಕಳೆದುಹೋಗುವುದು ಸರಿಯಲ್ಲ. ರೀಸೆಟ್ ಗೆರೆಗೆ ಕಿಡಿಯ ವೋಲ್ಟೇಜನ್ನು ತಡೆಯುವ ಒಂದು ಟಿವಿಎಸ್ ಡಯೋಡ್, ಒಂದು ಸಣ್ಣ ಕೆಪಾಸಿಟರ್ ಸೇರಿಸಿದೆ. ಆಮೇಲೆ ಅದು ಅಲುಗಲಿಲ್ಲ.

ಪಾಸ್‌ವರ್ಡ್

ಆರ್‌ಇಡಿಯ 3.3 ಪರಿಚ್ಛೇದದ ಡಿ, ಇ, ಎಫ್ ಅಂಶಗಳು 2025ರ ಆಗಸ್ಟ್ 1ರಿಂದ ಕಡ್ಡಾಯ. ಡಿ ಅಂಶ ಇಂಟರ್‌ನೆಟ್‌ಗೆ ಸೇರುವ ರೇಡಿಯೋ ಸಾಧನ ನೆಟ್‌ವರ್ಕ್‌ಗೆ ಹಾನಿ ಮಾಡಬಾರದು ಅನ್ನುತ್ತದೆ. ಇ ಬಳಕೆದಾರರ ಮಾಹಿತಿಯ ಬಗ್ಗೆ, ಎಫ್ ಹಣಕಾಸಿನ ವಂಚನೆಯ ಬಗ್ಗೆ. ನಮ್ಮ ಗೇಟ್‌ವೇಗೆ ಹಣ ಸಾಗಿಸುವ ಕೆಲಸವಿಲ್ಲ, ಹಾಗಾಗಿ ಎಫ್ ಅನ್ವಯವಾಗುವುದಿಲ್ಲ. ಉಳಿದವಕ್ಕೆ ಇಎನ್ 18031ರ ಭಾಗಗಳಿವೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ತಡವಾಗಿ ನೋಡಿದರೆ ಇಡೀ ವೇಳಾಪಟ್ಟಿ ಜಾರುತ್ತದೆ. ಯುರೋಪಿನಲ್ಲಿ ಹೊಂದಿಸಿದ ಮಾನದಂಡವನ್ನು ಪೂರ್ತಿ ಪಾಲಿಸಿದರೆ ತಯಾರಕ ತಾನೇ ಘೋಷಣೆ ಮಾಡಬಹುದು, ಮೂರನೆಯವರ ಒಪ್ಪಿಗೆ ಬೇಕಿಲ್ಲ. ಇಎನ್ 18031 ಆ ಪಟ್ಟಿಗೆ 2025ರಲ್ಲಿ ಸೇರಿದ್ದು ನಿರ್ಬಂಧಗಳ ಜೊತೆಗೆ. ಪಾಸ್‌ವರ್ಡ್ ಇಡದೆಯೂ ಬಳಸಬಹುದು ಅನ್ನುವ ಅವಕಾಶವನ್ನು ಸಾಧನ ಬಳಕೆದಾರನಿಗೆ ಕೊಟ್ಟರೆ, ಆ ಮಟ್ಟಿಗೆ ಮಾನದಂಡದ ರಕ್ಷಣೆ ಸಿಗುವುದಿಲ್ಲ. ಆಗ ನೋಟಿಫೈಡ್ ಬಾಡಿ ಅನ್ನುವ ಸಂಸ್ಥೆಯ ಪರಿಶೀಲನೆಗೆ ಹೋಗಬೇಕು. ನಮ್ಮ ಸೆಟಪ್ ಪುಟದಲ್ಲಿ ಪಾಸ್‌ವರ್ಡ್ ಹೆಜ್ಜೆಯನ್ನು ಆಮೇಲೆ ಅಂತ ದಾಟಿಸುವ ಬಟನ್ ಇತ್ತು. ಅಳವಡಿಸುವವರಿಗೆ ಅನುಕೂಲ ಅಂತ ಇಟ್ಟದ್ದು. ಅದನ್ನು ತೆಗೆದು, ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಪಾಸ್‌ವರ್ಡ್ ಕಾರ್ಖಾನೆಯಲ್ಲೇ ಬರೆದು ಲೇಬಲ್ ಮೇಲೆ ಮುದ್ರಿಸುವ ವ್ಯವಸ್ಥೆ ಮಾಡಿದೆ. ಕಾರ್ಖಾನೆಯ ಪರೀಕ್ಷಾ ಸಾಫ್ಟ್‌ವೇರ್, ಲೇಬಲ್ ಪ್ರಿಂಟರ್, ರೀಸೆಟ್ ನಂತರದ ನಡವಳಿಕೆ, ಕೈಪಿಡಿ, ಎಲ್ಲ ಬದಲಾಯಿತು. ಒಂದು ಬಟನ್‌ನ ಬೆಲೆ ಇಷ್ಟು. ಆದರೆ ಇದರಿಂದ ಉತ್ಪನ್ನ ನಿಜವಾಗಿ ಉತ್ತಮವಾಗಿದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಇದೇ ಕೆಲಸ ಬ್ರಿಟನ್‌ಗೂ ಒದಗಿತು. ಅಲ್ಲಿ ಇಂಟರ್‌ನೆಟ್‌ಗೆ ಸೇರುವ ಸಾಧನಗಳ ಭದ್ರತೆಯ ಪಿಎಸ್‌ಟಿಐ ನಿಯಮ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿದೆ. ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್ ಇಡುವಂತಿಲ್ಲ, ಭದ್ರತಾ ದೋಷ ತಿಳಿಸಲು ಒಂದು ದಾರಿ ಇರಬೇಕು, ಎಷ್ಟು ಕಾಲ ಅಪ್‌ಡೇಟ್ ಕೊಡುತ್ತೀರಿ ಅಂತ ಮೊದಲೇ ಹೇಳಬೇಕು.

ಕಾಗದದ ಕೆಲಸ

ಎಫ್‌ಸಿಸಿ ಅರ್ಜಿ ಟಿಸಿಬಿ ಅನ್ನುವ ಅಧಿಕೃತ ಸಂಸ್ಥೆಯ ಮೂಲಕ ಹೋಗುತ್ತದೆ. ಬ್ಲಾಕ್ ಡಯಾಗ್ರಾಂ, ಸ್ಕೀಮ್ಯಾಟಿಕ್, ಕೆಲಸದ ವಿವರಣೆ, ಒಳಗಿನ ಹೊರಗಿನ ಫೋಟೋ, ಲೇಬಲ್ ಚಿತ್ರ, ಕೈಪಿಡಿ, ಆಂಟೆನಾ ವಿವರ. ಸ್ಕೀಮ್ಯಾಟಿಕ್ ಮತ್ತು ವಿವರಣೆಯನ್ನು ಶಾಶ್ವತವಾಗಿ ಗುಟ್ಟಾಗಿಡಿ ಅಂತ ಪತ್ರ ಕೊಡಬಹುದು. ಫೋಟೋ, ಕೈಪಿಡಿಗಳಿಗೆ ಸಿಗುವ ಗುಟ್ಟು ಕೆಲವು ತಿಂಗಳ ಮಟ್ಟಿಗೆ, ಗರಿಷ್ಠ 180 ದಿನ. ಕೇಳದಿದ್ದರೆ ಎಲ್ಲವೂ ಬಹಿರಂಗ. ಮೊದಲ ಸಲ ಅರ್ಜಿ ಹಾಕುವವರು ತಮ್ಮ ಗ್ರಾಂಟೀ ಕೋಡ್ ಮುಂಚಿತವಾಗಿ ಪಡೆಯಬೇಕು. ಎಫ್‌ಸಿಸಿ ಐಡಿಯ ಮೊದಲ 3 ಅಥವಾ 5 ಅಕ್ಷರ ಅದೇ. 2023ರ ಫೆಬ್ರುವರಿಯಿಂದ, ಕಾನೂನಿನ ಪತ್ರ ಸ್ವೀಕರಿಸಲು ಅಮೆರಿಕದಲ್ಲಿ ಒಬ್ಬ ಪ್ರತಿನಿಧಿಯನ್ನೂ ಹೆಸರಿಸಬೇಕು.

ಲೇಬಲ್ ಮೇಲೆ ನಮ್ಮ ಲೋರಾಕ್ಕೆ ಬಂದ ಐಡಿ, ಅದರ ಕೆಳಗೆ ಒಳಗಿರುವ ವೈಫೈ ಮಾಡ್ಯೂಲ್‌ನ ಐಡಿ. ಕೆನಡಾಕ್ಕೂ ಹಾಗೆಯೇ ಎರಡು ಸಂಖ್ಯೆ. ಅಲ್ಲಿನ ನಿಯಮ ಆರ್‌ಎಸ್‌ಎಸ್-247 ಅಮೆರಿಕದ್ದಕ್ಕೆ ತುಂಬ ಹತ್ತಿರ, ಅಳತೆಗಳನ್ನು ಒಟ್ಟಿಗೇ ಮುಗಿಸಿದೆವು. ಕೈಪಿಡಿಯ ಎಚ್ಚರಿಕೆಗಳು ಮಾತ್ರ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಬೇಕು.

ಯುರೋಪಿಗೆ ಸಿಇ ಗುರುತು (ಅಲ್ಲಿನ ನಿಯಮಕ್ಕೆ ಒಪ್ಪುತ್ತದೆ ಅನ್ನುವ ಮುದ್ರೆ) ಕನಿಷ್ಠ 5 ಮಿಲಿಮೀಟರ್ ಎತ್ತರ, ತಯಾರಕರ ಹೆಸರು ವಿಳಾಸ, ಆಮದುದಾರರ ಹೆಸರು ವಿಳಾಸ. ಒಕ್ಕೂಟದೊಳಗೆ ಹೊಣೆ ಹೊರುವ ಒಬ್ಬರು ಇರಲೇಬೇಕು. ಅನುಸರಣೆಯ ಘೋಷಣೆಗೆ ಸಹಿ ಹಾಕಿದ ಮೇಲೆ ತಾಂತ್ರಿಕ ಕಡತವನ್ನು 10 ವರ್ಷ ಕಾಪಾಡಬೇಕು. ಅದಕ್ಕೆ ಕಡತದಲ್ಲಿ ವರದಿಗಳ ಜೊತೆ ಆ ದಿನದ ಗರ್ಬರ್ ಫೈಲ್ (ಬೋರ್ಡ್ ತಯಾರಿಸುವ ನಕ್ಷೆ), ಕಾಂಪೊನೆಂಟ್ ಪಟ್ಟಿ, ಫರ್ಮ್‌ವೇರ್ ಆವೃತ್ತಿ ಎಲ್ಲ ಸೇರಿಸಿ ಮುಚ್ಚಿಟ್ಟಿದ್ದೇನೆ.

ಗ್ರಾಂಟ್ ಬಂದ ಮೇಲೆ

ಮಾನ್ಯತೆ ಸಿಕ್ಕ ಮೇಲೆ ಪೆಟ್ಟಿಗೆ ಹಾಗೇ ಉಳಿಯುವುದಿಲ್ಲ. ಯಾವುದೋ ಬಿಡಿಭಾಗ ಸಿಗುವುದು ನಿಲ್ಲುತ್ತದೆ, ಬದಲಿ ಹುಡುಕಬೇಕಾಗುತ್ತದೆ. ಎಫ್‌ಸಿಸಿಯಲ್ಲಿ ಬದಲಾವಣೆಗೆ ಮೂರು ದರ್ಜೆ. ಅಳತೆಗಳು ಹಾಳಾಗದ ಬದಲಾವಣೆ ಮೊದಲನೆಯದು, ಅರ್ಜಿ ಬೇಕಿಲ್ಲ. ಹಾಳಾದರೂ ಮಿತಿಯೊಳಗೇ ಇದ್ದರೆ ಎರಡನೆಯದು, ಹೊಸ ವರದಿ ಸಲ್ಲಿಸಬೇಕು. ಮೂರನೆಯದು ಸಾಫ್ಟ್‌ವೇರ್‌ನಿಂದಲೇ ರೂಪ ಬದಲಿಸುವ ರೇಡಿಯೋಗಳಿಗೆ. ಅರ್ಜಿ ಬೇಕಿಲ್ಲ ಅಂದರೆ ಅಳತೆ ಬೇಕಿಲ್ಲ ಅಂತ ಅಲ್ಲ. ಹಾಳಾಗಿಲ್ಲ ಅಂತ ನಮಗಾದರೂ ಗೊತ್ತಿರಬೇಕಲ್ಲ. ಲೋ-ಪಾಸ್ ಫಿಲ್ಟರ್‌ನ ಇಂಡಕ್ಟರ್, ಕವಚದ ಕೆಪಾಸಿಟರ್, ಗಡಿಯಾರದ ರೆಸಿಸ್ಟರ್, ಪವರ್ ಅಡಾಪ್ಟರ್ ಇವಿಷ್ಟನ್ನು ಕಾಂಪೊನೆಂಟ್ ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿ ಗುರುತು ಮಾಡಿದ್ದೇನೆ. ಖರೀದಿ ವಿಭಾಗದವರು ಇವುಗಳ ಬದಲಿ ತರುವ ಮೊದಲು ಕೇಳುತ್ತಾರೆ. ಬದಲಿ ಬಂದಾಗ ಅದೇ ಕ್ಲ್ಯಾಂಪ್, ಅದೇ ಕೇಬಲ್, ಅದೇ ಮೇಜಿನ ಮೇಲೆ ಹಳೆಯ ಅಳತೆಯ ಪಕ್ಕ ಹೊಸದನ್ನಿಟ್ಟು ನೋಡುತ್ತೇನೆ.

ಮುಂದಿನ ಮಾದರಿ ಜಪಾನ್‌ಗೆ. ಅಲ್ಲಿ ಲೋರಾಕ್ಕೆ 920 ಮೆಗಾಹರ್ಟ್ಸ್ ಸುತ್ತಲಿನ ಬ್ಯಾಂಡ್ ಇದೆ, ಪ್ರಸಾರ ಮಾಡುವ ಮೊದಲು ಚಾನೆಲ್ ಖಾಲಿ ಇದೆಯೇ ಅಂತ ಕೇಳಿಸಿಕೊಳ್ಳಬೇಕು. ಅಮೆರಿಕದ ಮಾದರಿಯ ಫಿಲ್ಟರ್ ಅಲ್ಲಿಗೂ ಹೊಂದಬಹುದು, ಅಳೆದು ನೋಡಬೇಕು. ಕೇಳಿಸಿಕೊಳ್ಳುವ ಕೋಡ್ ಬರೆಯುವುದು ಶುರುವಾಗಿದೆ. ಅಲ್ಲಿನ ರೇಡಿಯೋ ಮಾನ್ಯತೆಯ ಗಿತೆಕಿ ಗುರುತಿಗೆ ಲೇಬಲ್‌ನಲ್ಲಿ ಜಾಗ ಬಿಟ್ಟಿದ್ದೇನೆ.